ತಪ್ಪಿಹೋದ ತಾಯಂದಿರು

ಸಂತೋಷ್ ಶಿವನ್ ಅವರ 'ಪ್ರಾರಂಭ' ಎಂಬ ಕಿರುಚಿತ್ರವನ್ನು ನಾನು ನೋಡಿದ್ದು ರಾಯಚೂರಿನ ಒಂದು ಸಭಾಂಗಣದಲ್ಲಿ, ಡಿಸೆಂಬರ್ ಒಂದನೇ ತಾರೀಖಿನ ಕಾರ್ಯಕ್ರಮವೊಂದರಲ್ಲಿ. ಭಾಷಣಗಳೆಲ್ಲ ಮುಗಿದ ಮೇಲೆ ದೀಪ ಆರಿಸಿ ಬಿಳಿ ಪರದೆಯ ಮೇಲೆ ಚಿತ್ರ ಬಿಟ್ಟರು. ಸ್ವಸಹಾಯ ಸಂಘಗಳಿಂದ ಬಂದ ಹೆಣ್ಣುಮಕ್ಕಳೇ ಹೆಚ್ಚಾಗಿದ್ದರು. ಮುಗಿಯುವ ಹೊತ್ತಿಗೆ ಹಲವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು, ನಾನೂ ಒರೆಸಿಕೊಂಡೆ. ನನ್ನ ಪಕ್ಕದಲ್ಲಿ ಸಿರವಾರದ ಕಡೆಯ ಒಬ್ಬ ಹುಡುಗಿ ಕೂತಿದ್ದಳು. ಹುಡುಗಿ ಎಂದೆ, ನಮ್ಮ ಶಾಲೆಯಲ್ಲಿ ಏಳನೆಯ ತನಕ ಓದಿದವಳಾದ್ದರಿಂದ ನನಗೆ ಅವಳು ಈಗಲೂ ಹುಡುಗಿಯೇ. ತೊಡೆಯ ಮೇಲೆ ಕೂಸು ನಿದ್ದೆ ಹೋಗಿತ್ತು. ಅವಳು ಅಳಲಿಲ್ಲ. ದೀಪ ಹತ್ತಿದ ಮೇಲೆ ನನ್ನ ಕಡೆ ಬಾಗಿ, "ಆ ಹುಡುಗನ ತಾಯಿಗೆ ಮದಲs ಯಾರೂ ಹೇಳಿರಲಿಲ್ಲೇನ್ರಿ, ಅಕ್ಕೋರೆ?" ಎಂದು ಕೇಳಿದಳು.

ಸಿನೆಮಾದ ಬಗ್ಗೆ ಪತ್ರಿಕೆಗಳಲ್ಲಿ ಬರೆಯುವವರು ಬಹಳ ಮಂದಿ ಇದ್ದಾರೆ. ಇಷ್ಟು ನೇರವಾದ ವಿಮರ್ಶೆಯನ್ನು ನಾನು ಓದಿದ ನೆನಪಿಲ್ಲ. ಅವಳ ಪ್ರಶ್ನೆಯ ಬೆನ್ನು ಹತ್ತಿ ಹೋಗಿದ್ದೇ ಈ ಬರಹ.

ಚಿತ್ರದ ಬಗ್ಗೆ ಮೊದಲು ಎರಡು ಮಾತು. 2007ರಲ್ಲಿ ಮೀರಾ ನಾಯರ್ ನಾಲ್ಕು ಜನ ನಿರ್ದೇಶಕರನ್ನು ಸೇರಿಸಿ 'ಏಡ್ಸ್ ಜಾಗೋ' ಎಂಬ ಹೆಸರಿನಲ್ಲಿ ನಾಲ್ಕು ಕಿರುಚಿತ್ರಗಳನ್ನು ಹೊರತಂದರು. ಅವರದೊಂದು, ವಿಶಾಲ್ ಭಾರದ್ವಾಜ್ ಅವರದೊಂದು, ಫರ್ಹಾನ್ ಅಖ್ತರ್ ಅವರದೊಂದು. ನಾಲ್ಕನೆಯದು ಸಂತೋಷ್ ಶಿವನ್ ಅವರ ಈ ಕನ್ನಡ ಚಿತ್ರ. ಪ್ರಭುದೇವ ಇದರಲ್ಲಿ ಲಾರಿ ಚಾಲಕ. ಎಚ್‌ಐವಿ ಇದೆ ಎಂಬ ಕಾರಣಕ್ಕೆ ಶಾಲೆಯಿಂದ ಹೊರಹಾಕಿಸಿಕೊಂಡ ಒಬ್ಬ ಪುಟ್ಟ ಹುಡುಗ ತನ್ನ ತಾಯಿಯನ್ನು ಹುಡುಕಿಕೊಂಡು ಹೊರಟಿದ್ದಾನೆ; ಚಾಲಕ ಅವನಿಗೆ ಜೊತೆಯಾಗುತ್ತಾನೆ. ಕಥೆ ಇಷ್ಟೇ.

ಈ ಚಿತ್ರದಲ್ಲಿ ನನಗೆ ತುಂಬ ಮೆಚ್ಚುಗೆಯಾದದ್ದು ಲಾರಿ ಚಾಲಕನಿಗೆ ಸಿಕ್ಕ ಮರ್ಯಾದೆ. ತೊಂಬತ್ತರ ದಶಕದ ಗೋಡೆಗಳು ನಿಮಗೂ ನೆನಪಿರಬಹುದು. ತಲೆಬುರುಡೆ, ಅದರ ಕೆಳಗೆ ಅಡ್ಡಲಾಗಿ ಎರಡು ಎಲುಬು, ಪಕ್ಕದಲ್ಲಿ 'ಮಾರಕ' ಎಂಬ ಮಾತು. ಆ ಕಾಲದಲ್ಲಿ ಏಡ್ಸ್ ಎಂದರೆ ನಮ್ಮ ಜನಕ್ಕೆ ನೆನಪಾಗುತ್ತಿದ್ದವರು ಇಬ್ಬರೇ: ಹೆದ್ದಾರಿಯ ಲಾರಿಯವನು ಮತ್ತು ಮೈಮಾರುವ ಹೆಣ್ಣು. ಹೀಗೆ ಬೊಟ್ಟು ಮಾಡಿ ತೋರಿಸಿದವನನ್ನೇ ಈ ನಿರ್ದೇಶಕ ಮಗುವಿನ ಕೈಹಿಡಿದು ನಡೆಸುವವನನ್ನಾಗಿ ಮಾಡಿದ್ದಾರೆ. ಭಾಷಣದಲ್ಲಿ ಗಂಟೆಗಟ್ಟಲೆ ಹೇಳಿದರೂ ತಲೆಗೆ ಇಳಿಯದ್ದು ಆ ಒಂದು ನಡೆಯಲ್ಲಿ ಇಳಿಯುತ್ತದೆ.

ಆದರೆ ಕಥೆ ಶುರುವಾಗುವುದು ಎಲ್ಲಿಂದ? ಹುಡುಗ ಶಾಲೆಗೆ ಹೋಗುವ ವಯಸ್ಸಿನವನಾದ ಮೇಲೆ. ಅಂದರೆ ಆಗಬೇಕಾದದ್ದು ಆಗಿಹೋದ ಮೇಲೆ. ಹೆಸರು 'ಪ್ರಾರಂಭ', ಪ್ರಾರಂಭ ಮಾತ್ರ ಚಿತ್ರದ ಹೊರಗೇ ಉಳಿದಿದೆ. ಆ ಹುಡುಗ ಹೊಟ್ಟೆಯಲ್ಲಿದ್ದಾಗ ತಾಯಿಯ ರಕ್ತ ಪರೀಕ್ಷೆ ಆಗಿತ್ತೇ? ಆಗಿದ್ದರೆ ಮಾತ್ರೆ ಕೊಟ್ಟರೇ? ಕೊಟ್ಟಿದ್ದರೆ ಅವಳು ಎಲ್ಲಿ ಕೈತಪ್ಪಿದಳು? ಒಂದು ಕಿರುಚಿತ್ರದ ಮೇಲೆ ಈ ಹೊರೆಯೆಲ್ಲ ಹೊರಿಸುವುದು ನ್ಯಾಯವಲ್ಲ ಎಂದು ನನಗೂ ಗೊತ್ತು. ಆದರೂ ನನ್ನ ಹಳೆಯ ವಿದ್ಯಾರ್ಥಿನಿಯ ಪ್ರಶ್ನೆ ಅದೇ ತಾನೆ.

ಬೇರೆ ಚಿತ್ರಗಳಿಗೆ ಹೋದರೂ ಉತ್ತರ ಸಿಗುವುದಿಲ್ಲ. ರೇವತಿ ನಿರ್ದೇಶಿಸಿದ 'ಫಿರ್ ಮಿಲೇಂಗೆ' 2004ರಲ್ಲಿ ಬಂತು. ಅದರಲ್ಲಿ ಶಿಲ್ಪಾ ಶೆಟ್ಟಿ ಜಾಹೀರಾತು ಕಂಪನಿಯ ಉದ್ಯೋಗಿ. ಕೆಲಸ ಹೋಗುತ್ತದೆ, ಕೋರ್ಟು ಹತ್ತುತ್ತಾಳೆ. 2005ರ 'ಮೈ ಬ್ರದರ್ ನಿಖಿಲ್' ಗೋವಾದ ಈಜುಗಾರನ ಕಥೆ. ಎರಡೂ ಒಳ್ಳೆಯ ಚಿತ್ರಗಳೇ. ಆಫೀಸಿದೆ, ನ್ಯಾಯಾಲಯವಿದೆ, ಈಜುಕೊಳವಿದೆ, ಶಾಲೆಯ ಗೇಟಿದೆ. ಬಸುರಿಯ ಸರದಿ ಸಾಲು ಮಾತ್ರ ಎಲ್ಲೂ ಇಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ತಿಂಗಳು ತಿಂಗಳೂ ಅದೇ ಬಸ್ಸು ಹತ್ತಿ, ಅದೇ ಬಾಗಿಲಲ್ಲಿ ನಿಂತು, ಅದೇ ಡಬ್ಬಿ ತರುವುದರಲ್ಲಿ ಕ್ಯಾಮೆರಾಕ್ಕೆ ಏನು ಸಿಗಬೇಕು? ಹೆಂಗಸರು ದಿನಾ ಮಾಡುವ ಬಹಳಷ್ಟು ಕೆಲಸಗಳ ಹಾಗೆ ಇದೂ ಮಾಡಿದಾಗ ಕಾಣುವುದಿಲ್ಲ, ಬಿಟ್ಟಾಗ ಮಾತ್ರ ಕಾಣುತ್ತದೆ.

ಇದು ಯಾಕೆ ಇಷ್ಟು ದೀರ್ಘದ ಕೆಲಸವಾಯಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏನೂ ಮಾಡದೆ ಬಿಟ್ಟರೆ ಎಚ್‌ಐವಿ ಇರುವ ತಾಯಂದಿರ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲುತ್ತದೆ. ಬಸುರಿನಲ್ಲಿ, ಹೆರಿಗೆಯ ಹೊತ್ತಿನಲ್ಲಿ, ಇಲ್ಲವೇ ಮೊಲೆಹಾಲಿನ ಮೂಲಕ. ನಮ್ಮ ದೇಶದಲ್ಲಿ 2002ರಲ್ಲಿ ಇದನ್ನು ತಡೆಯುವ ಸರ್ಕಾರಿ ಕಾರ್ಯಕ್ರಮ ಶುರುವಾದಾಗ ಇದ್ದದ್ದು ಬಹಳ ಸಣ್ಣ ಉಪಾಯ: ಹೆರಿಗೆ ನೋವು ಬಂದಾಗ ತಾಯಿಗೆ ಒಂದು ನೆವಿರಪಿನ್ ಮಾತ್ರೆ, ಹುಟ್ಟಿದ ಕೂಸಿಗೆ ಮೂರು ದಿನದೊಳಗೆ ಒಂದು ಗುಟುಕು ಅದೇ ಔಷಧಿ. ಒಂದು ದಿನ ತಾಯಿ ಕೈಗೆ ಸಿಕ್ಕರೆ ಸಾಕಿತ್ತು. ಸಾಕಿತ್ತು ಎಂದರೆ ಪೂರ್ತಿ ಸಾಕಾಗುತ್ತಿರಲಿಲ್ಲ. ಅಪಾಯ ಕಡಿಮೆಯಾಗುತ್ತಿತ್ತು, ಅಷ್ಟೆ. ತಾಯಿಯ ರೋಗಕ್ಕೆ ಅದರಿಂದ ಏನೂ ಉಪಯೋಗವಿರಲಿಲ್ಲ. 2012ರಲ್ಲಿ ಕರ್ನಾಟಕವೂ ಸೇರಿದಂತೆ ದಕ್ಷಿಣದ ರಾಜ್ಯಗಳಲ್ಲಿ ಮೂರು ಔಷಧಿಗಳ ಚಿಕಿತ್ಸೆ ಬಂತು. 2014ರಿಂದ ದೇಶದಲ್ಲೆಲ್ಲ ಎಚ್‌ಐವಿ ಇರುವ ಪ್ರತಿ ಬಸುರಿಗೂ, ಹಾಲೂಡಿಸುವ ತಾಯಿಗೂ ಬದುಕಿರುವ ತನಕ ಮಾತ್ರೆ ಎಂದಾಯಿತು. ಅದನ್ನು ಬಿಡದೆ ನುಂಗಿದರೆ ನೂರಕ್ಕೆ ಐದು ಮಕ್ಕಳಿಗೂ ಸೋಂಕು ತಗಲುವುದಿಲ್ಲ; ತಾಯಿಯೂ ತನ್ನ ಆಯುಷ್ಯ ಬಾಳುತ್ತಾಳೆ.

ಔಷಧಿ ಒಳ್ಳೆಯದಾಯಿತು. ಒಂದು ದಿನದ ಕೆಲಸ ಜೀವಮಾನದ್ದಾಯಿತು. ಇಂದು ನಾವು ಹೇಳುವ 'ಕೈತಪ್ಪುವ' ಸಮಸ್ಯೆ ಹುಟ್ಟಿದ್ದು ಈ ಒಳ್ಳೆಯದರ ಜೊತೆಗೇ. ಆಫ್ರಿಕಾದ ಮಲಾವಿ ದೇಶ ನಮಗಿಂತ ಮೊದಲು, 2011ರಲ್ಲಿಯೇ ಈ ದಾರಿ ಹಿಡಿಯಿತು. ಅಲ್ಲಿ ಲೆಕ್ಕ ತೆಗೆದು ನೋಡಿದಾಗ, ತಮ್ಮ ಕಾಯಿಲೆ ಬಲಿತು ಚಿಕಿತ್ಸೆಗೆ ಬಂದವರಿಗಿಂತ ಬಸುರಿನಲ್ಲಿ ಮಾತ್ರೆ ಶುರು ಮಾಡಿದವರು ಮೊದಲ ಭೇಟಿಯ ನಂತರ ಮರಳಿ ಬಾರದೆ ಇರುವುದು ಐದು ಪಟ್ಟು ಹೆಚ್ಚು ಎಂದು ಕಂಡುಬಂತು. ನನಗೇನೂ ಆಶ್ಚರ್ಯವಾಗಲಿಲ್ಲ. ಬಾಯಿ ಸಪ್ಪೆ, ವಾಂತಿ ಎಂದು ಆಸ್ಪತ್ರೆಗೆ ಹೋದವಳಿಗೆ ಸಂಜೆಯೊಳಗೆ ರೋಗದ ಹೆಸರನ್ನೂ ಕೈಗೆ ಡಬ್ಬಿಯನ್ನೂ ಕೊಟ್ಟು ಕಳಿಸಿದರೆ ಅವಳು ಅದನ್ನು ತೆಗೆದುಕೊಂಡು ಎಲ್ಲಿಗೆ ಹೋಗಬೇಕು? ಮೈಯಲ್ಲಿ ಯಾವ ನೋವೂ ಇಲ್ಲ. ಇರುವ ನೋವೆಲ್ಲ ಮನೆಯಲ್ಲಿ ಕಾದಿದೆ.

ಈಗ ಕೂಸಿನ ಲೆಕ್ಕ ನೋಡಿ. ಹುಟ್ಟಿದೊಡನೆ ಸಿರಪ್ಪು, ಆರು ವಾರ, ಕೆಲವರಿಗೆ ಹನ್ನೆರಡು ವಾರ. ತಾಯಿಯ ರಕ್ತದ ಗುರುತುಗಳು ಮಗುವಿನಲ್ಲಿ ಹದಿನೆಂಟು ತಿಂಗಳವರೆಗೂ ಉಳಿಯುವುದರಿಂದ ದೊಡ್ಡವರಿಗೆ ಮಾಡುವ ಪರೀಕ್ಷೆ ಮಗುವಿಗೆ ನಡೆಯುವುದಿಲ್ಲ. ಹಿಮ್ಮಡಿಗೆ ಚುಚ್ಚಿ, ನಾಲ್ಕಾರು ಹನಿ ರಕ್ತವನ್ನು ಕಾಗದದ ಮೇಲೆ ಒಣಗಿಸಿ ದೂರದ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಆರು ವಾರಕ್ಕೆ ಒಮ್ಮೆ, ಆರು ತಿಂಗಳಿಗೆ ಒಮ್ಮೆ, ವರ್ಷಕ್ಕೆ ಒಮ್ಮೆ; ಹದಿನೆಂಟು ತಿಂಗಳಿಗೆ ಕೊನೆಯ ಪರೀಕ್ಷೆ. ಇದರ ಪಕ್ಕದಲ್ಲಿ ಎಲ್ಲ ಮಕ್ಕಳಿಗೂ ಹಾಕುವ ಲಸಿಕೆಯ ಕಾರ್ಡನ್ನು ಇಟ್ಟು ನೋಡಿದೆ. ಲಸಿಕೆ ಇರುವುದು ಆರು, ಹತ್ತು, ಹದಿನಾಲ್ಕು ವಾರಕ್ಕೆ, ಆಮೇಲೆ ಒಂಬತ್ತು ತಿಂಗಳಿಗೆ, ಆಮೇಲೆ ಹದಿನಾರು ತಿಂಗಳು ದಾಟಿದ ಮೇಲೆ. ಮೊದಲ ಪರೀಕ್ಷೆಯೂ ಕೊನೆಯದೂ ಲಸಿಕೆಯ ಜೊತೆ ಹೊಂದುತ್ತವೆ. "ಕೂಸಿಗೆ ಸೂಜಿ ಹಾಕಸ್ಕೊಂಡು ಬರ್ತೀನ್ರಿ" ಎಂದು ಅತ್ತೆಗೆ ಹೇಳಿ ಹೊರಡಬಹುದು. ನಡುವಿನ ಎರಡು, ಆರು ತಿಂಗಳಿನದು ಮತ್ತು ವರ್ಷದ್ದು, ಯಾವ ಸೂಜಿಗೂ ಹೊಂದುವುದಿಲ್ಲ. ಚೆನ್ನಾಗಿ ಆಡಿಕೊಂಡಿರುವ ಮಗುವನ್ನು ಎತ್ತಿಕೊಂಡು ಸಿರವಾರದಿಂದ ರಾಯಚೂರಿನ ಬಸ್ಸು ಹತ್ತಲು ನೆಪವೇನು? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಹಣವೇನೋ ಉಳಿಯಿತು. ನೆಪವನ್ನು ಯಾವ ಯೋಜನೆಯೂ ಕೊಡುವುದಿಲ್ಲ.

ನನ್ನ ವಿದ್ಯಾರ್ಥಿನಿ ತನ್ನ ವಿಷಯ ಹೇಳಿದ್ದು ಆ ದಿನ ವಾಪಸು ಬರುವ ಬಸ್ಸಿನಲ್ಲಿ, ಕಲ್ಲೂರು ದಾಟಿದ ಮೇಲೆ, ಕಿಟಕಿಯ ಹೊರಗೆ ನೋಡುತ್ತ. ಬರೆಯಲು ಒಪ್ಪಿಗೆ ಕೊಟ್ಟಿದ್ದಾಳೆ. ಗುರುತು ಸಿಗುವಂಥದ್ದನ್ನೆಲ್ಲ ನಾನು ಬಿಟ್ಟಿದ್ದೇನೆ. ಗಂಡನ ಮನೆ ದೇವದುರ್ಗದ ಕಡೆ. ಬಸುರಿ ಎಂದು ಹೆಸರು ಬರೆಸಿದ್ದು ಅಲ್ಲಿ, ಪರೀಕ್ಷೆಯಾದದ್ದೂ ಅಲ್ಲಿ. ಕುಬುಸ ಮಾಡಿ ತವರಿನವರು ಕರೆತಂದರು. ಹೆರಿಗೆ ಇಲ್ಲಿ. ಬಾಣಂತನ ಮುಗಿಸಿ ಕೂಸಿನೊಂದಿಗೆ ಹೋಗುವಷ್ಟರಲ್ಲಿ ಗಂಡ ಗುಳೆ ಎದ್ದು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗಿದ್ದ, ಅವಳೂ ಹೋದಳು. ಮೂರು ಊರು, ಒಂದು ಕಾರ್ಡು. ಅತ್ತೆಗೆ ಓದಲು ಬಾರದಿದ್ದರೂ ಓದಿಸಲು ನಾದಿನಿ ಇದ್ದಾಳೆ ಎಂದು ಆ ಕಾರ್ಡನ್ನು ಅವಳು ಮನೆಯಲ್ಲಿಡುತ್ತಿರಲಿಲ್ಲ. ಮಾತ್ರೆಯ ಡಬ್ಬಿಯ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದಿದ್ದಳು. ಕೇಳಿದವರಿಗೆ ರಕ್ತ ಹೆಚ್ಚಾಗುವ ಗುಳಿಗೆ ಎಂದು ಹೇಳುತ್ತಿದ್ದಳು.

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಲ್ಲಿ ಎಂಬುದು ಸೂರ್ಯ ಮೂಡಣದಲ್ಲಿ ಹುಟ್ಟುತ್ತಾನೆ ಎನ್ನುವಷ್ಟು ಖಚಿತ. ಒಂದು ಊರಿನ ದಾಖಲೆ ಪುಸ್ತಕದಲ್ಲಿ ಹೆಸರಿರುವ ಬಸುರಿ ಏಳನೆಯ ತಿಂಗಳಿಗೋ ಒಂಬತ್ತನೆಯದಕ್ಕೋ ಬೇರೆ ಊರಿಗೆ ಹೋಗುತ್ತಾಳೆ, ಕೂಸು ಮೂರು ತಿಂಗಳಿನದೋ ಐದು ತಿಂಗಳಿನದೋ ಆದಾಗ ತಿರುಗಿ ಬರುತ್ತಾಳೆ. ಸಿರಪ್ಪು ಮತ್ತು ಮೊದಲ ಪರೀಕ್ಷೆ ಬರುವುದು ಸರಿಯಾಗಿ ಈ ಹೊತ್ತಿನಲ್ಲಿ. ಇದು ಗೊತ್ತಿಲ್ಲದ ನರ್ಸಮ್ಮ ನಮ್ಮ ಜಿಲ್ಲೆಯಲ್ಲಿ ಒಬ್ಬರೂ ಇರಲಾರರು. ಅವರೂ ತವರಿಗೆ ಹೋಗಿ ಹೆತ್ತವರೇ. ಆದರೂ ದಾಖಲೆ ಪುಸ್ತಕ ಮಾತ್ರ ಹೆಣ್ಣಿಗೆ ಒಂದೇ ಮನೆ ಎಂದು ತಿಳಿದಿದೆ.

ದಾಖಲೆಯ ಮಾತು ಬಂದದ್ದರಿಂದ ಭಾಷೆಯ ಮಾತನ್ನೂ ಆಡಿಬಿಡುತ್ತೇನೆ. ಕನ್ನಡ ಕಲಿಸಿದವಳಿಗೆ ಈ ಚಟ ಹೋಗುವುದಿಲ್ಲ. ಬರುವುದನ್ನು ನಿಲ್ಲಿಸಿದವರನ್ನು ಇಂಗ್ಲಿಷಿನಲ್ಲಿ 'ಲಾಸ್ಟ್ ಟು ಫಾಲೋಅಪ್' ಎಂದು ಬರೆಯುತ್ತಾರೆ. ಕನ್ನಡದಲ್ಲಿ ಅದನ್ನು ಹೇಳಹೊರಟವರು ಒಮ್ಮೆ 'ತಪ್ಪಿಹೋದವರು' ಎನ್ನುತ್ತಾರೆ, ಒಮ್ಮೆ 'ತಪ್ಪಿಸಿಕೊಂಡವರು' ಎನ್ನುತ್ತಾರೆ. ಜಾತ್ರೆಯಲ್ಲಿ ಕೈಬಿಟ್ಟ ಮಗು ತಪ್ಪಿಹೋಗುತ್ತದೆ. ಜೈಲಿನಿಂದ ಕಳ್ಳ ತಪ್ಪಿಸಿಕೊಳ್ಳುತ್ತಾನೆ. ಒಂದು ಅಕ್ಷರ ಹೆಚ್ಚಾದರೆ ತಾಯಿ ಅಪರಾಧಿಯಾಗುತ್ತಾಳೆ. ಎರಡರ ಬುಡದಲ್ಲೂ 'ತಪ್ಪು' ಇರುವುದು ನಮ್ಮ ಭಾಷೆಯ ದುರದೃಷ್ಟ. ಆಡುವವರು ಎಚ್ಚರವಾಗಿರಬೇಕು.

ಕಾರ್ಯಕ್ರಮದ ಹೆಸರಿನ ಕಥೆ ಇನ್ನೂ ಸ್ವಾರಸ್ಯದ್ದು. ಜಗತ್ತಿನ ಬಹುಪಾಲು ದೇಶಗಳಲ್ಲಿ ಇದು 'ತಾಯಿಯಿಂದ ಮಗುವಿಗೆ' ಹರಡುವುದನ್ನು ತಡೆಯುವ ಕಾರ್ಯಕ್ರಮ. ನಮ್ಮ ದೇಶದವರು ಅದನ್ನು 'ತಂದೆತಾಯಿಯಿಂದ ಮಗುವಿಗೆ' ಎಂದು ಮಾಡಿದರು. ಪಿಪಿಟಿಸಿಟಿ ಎಂಬ ಅಕ್ಷರಗಳಲ್ಲಿ ಮೊದಲ ಜೋಡಿಯ ಒಂದು 'ಪಿ' ಅಪ್ಪ ಅಮ್ಮ ಇಬ್ಬರಿಗೂ ಸೇರಿದ್ದು. ಹೊಣೆ ಒಬ್ಬಳ ಮೇಲೆ ಬೀಳದಿರಲಿ ಎಂಬ ಒಳ್ಳೆಯ ಬುದ್ಧಿಯಿಂದ ಮಾಡಿದ ಬದಲಾವಣೆ. ಆದರೆ ನಾನು ಕಂಡ ಗೋಡೆಯ ಚಿತ್ರಗಳಲ್ಲಿ ಅಪ್ಪ ಬಂದದ್ದೇ ಇಲ್ಲ. ಒಬ್ಬ ಹೆಂಗಸು, ಎದೆಗೆ ಅವಚಿದ ಕೂಸು, ಮೇಲೊಂದು ಕೆಂಪು ರಿಬ್ಬನ್. ಇತ್ತೀಚೆಗೆ ಹೆಸರು ಮತ್ತೆ ಬದಲಾಗಿ 'ವರ್ಟಿಕಲ್' ಹರಡುವಿಕೆ ಎಂದಾಗಿದೆ. ಮೇಲಿನಿಂದ ಕೆಳಕ್ಕೆ ಎಂದು ಅರ್ಥ. ಈಗ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ, ಮಾಳಿಗೆ ಸೋರಿದ ಹಾಗೆ.

ಅಪ್ಪನನ್ನು ಕರೆತರುವುದು ಬರೀ ಹೆಸರಿನ ಮಾತಲ್ಲ. ನಮ್ಮ ಭಾಗದಲ್ಲಿ ಮನೆಯೊಳಗೆ ಮೊದಲು ಪರೀಕ್ಷೆಯಾಗುವುದು ಬಸುರಿಗೆ. ಹಾಗಾಗಿ ಮೊದಲು ಗೊತ್ತಾದವಳೇ ಮೊದಲು ತಂದವಳು ಎಂಬ ತೀರ್ಮಾನ. ಗಂಡ ಜೊತೆಗೆ ಬಂದು ಪರೀಕ್ಷೆ ಮಾಡಿಸಿಕೊಂಡ ಮನೆಗಳಲ್ಲಿ ಮಾತ್ರೆಯ ಡಬ್ಬಿ ಗೂಡಿನಲ್ಲಿ ಎದುರಿಗೇ ಇರುತ್ತದೆ; ಚೀಟಿ ಕೆರೆಯುವ ಕೆಲಸವಿಲ್ಲ. ಯಾವ ಆಪ್ತಸಮಾಲೋಚಕಿಯನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಇನ್ನು ಹಾಲಿನ ವಿಷಯ. ಇದರಲ್ಲಿ ಆರೋಗ್ಯ ಇಲಾಖೆಯವರನ್ನು ಪೂರ್ತಿ ದೂರಲಾರೆ, ಏಕೆಂದರೆ ತಿಳಿವಳಿಕೆಯೇ ಬದಲಾಗುತ್ತ ಬಂತು. ಒಂದು ಕಾಲದಲ್ಲಿ ಅನುಕೂಲವಿದ್ದರೆ ಮೊಲೆಹಾಲು ಬಿಡಿ ಎಂದು ಹೇಳುತ್ತಿದ್ದರು. ಹಳ್ಳಿಯಲ್ಲಿ ಕೂಸಿಗೆ ಹಾಲು ಕೊಡದ ಬಾಣಂತಿಯನ್ನು ಓಣಿಯ ಹೆಂಗಸರು ಒಂದು ದಿನವೂ ಸುಮ್ಮನೆ ಬಿಡುವುದಿಲ್ಲ. "ಯಾಕವ್ವಾ, ಹಾಲಿಲ್ಲೇನು?" ಎಂಬ ಪ್ರಶ್ನೆಗೆ ನಲವತ್ತು ಬಾಯಿ. ಈಗಿನ ಸಲಹೆ: ತಾಯಿ ಮಾತ್ರೆ ತಪ್ಪಿಸದೆ ನುಂಗುತ್ತ ಆರು ತಿಂಗಳು ಬರೀ ಎದೆಹಾಲು ಕೊಡಲಿ, ಆಮೇಲೆ ಹಾಲಿನ ಜೊತೆಗೇ ಅನ್ನ ಗಂಜಿ ಶುರು ಮಾಡಲಿ. ಮೊದಲ ಆರು ತಿಂಗಳಲ್ಲಿ ಎದೆಹಾಲೂ ಮೇಲಿನದೂ ಬೆರೆಸಿ ಕೊಡುವುದೇ ಹೆಚ್ಚಿನ ಅಪಾಯ ಎಂದು ತಿಳಿದುಬಂದಿದೆ. ಓಣಿಯ ಬಾಯಿ ಮುಚ್ಚಿತು ಎಂದುಕೊಳ್ಳಿ. ಆದರೆ ಅಜ್ಜಿಯ ಕೈ ಇದೆಯಲ್ಲ! ಹುಟ್ಟಿದ ಕೂಸಿನ ನಾಲಿಗೆಗೆ ಜೇನು, ತೇಯ್ದ ಬಜೆ, ಬೇಸಿಗೆಯಲ್ಲಿ ಚಮಚ ನೀರು. ಪ್ರೀತಿಯಿಂದ ಕೊಡುವುದನ್ನು ಕಾರಣ ಹೇಳದೆ ಬೇಡ ಎನ್ನುವುದು ಹೇಗೆ? ಕಾರಣ ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತದೆ.

ಈಗ ಮತ್ತೆ ಸಿನೆಮಾಕ್ಕೆ ಬರುತ್ತೇನೆ. ಪ್ರಭುದೇವನ ಪಾತ್ರ ಹುಡುಗನ ತಾಯಿಗಾಗಿ ಹುಡುಕುವುದು ಬಟ್ಟಬಯಲಿನಲ್ಲಿ. ಪರದೆಯ ಮೇಲೆ ಹುಡುಕಾಟ ಎಷ್ಟು ಜೋರಾಗಿದ್ದರೆ ಅಷ್ಟು ಚಂದ. ಕೈತಪ್ಪಿದ ತಾಯಿಯನ್ನು ನಿಜದಲ್ಲಿ ಹಾಗೆ ಹುಡುಕಿದರೆ ಅವಳ ಬದುಕೇ ಹೋಗುತ್ತದೆ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಒಪ್ಪಿಗೆಯಿಲ್ಲದೆ ಒಬ್ಬರ ಸೋಂಕಿನ ವಿಷಯವನ್ನು ಇನ್ನೊಬ್ಬರಿಗೆ ಹೇಳುವುದನ್ನು ಅದು ನಿಷೇಧಿಸುತ್ತದೆ. ಬಾಯಿಬಿಟ್ಟು ಯಾರೂ ಹೇಳಬೇಕಾಗಿಲ್ಲ. ನನ್ನ ವಿದ್ಯಾರ್ಥಿನಿ ಎರಡು ತಿಂಗಳು ಹೋಗದಿದ್ದಾಗ ಒಬ್ಬರು ಅವಳ ಗಂಡನ ಊರಿನಲ್ಲಿ ಮನೆ ವಿಚಾರಿಸುತ್ತ ಬಂದರಂತೆ. ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದರು. ಆದರೆ ಇಡೀ ಓಣಿಯಲ್ಲಿ ಅವರು ಕೇಳಿದ್ದು ಒಂದೇ ಮನೆಯನ್ನು. ಸಂಜೆ ಕಟ್ಟೆಯ ಮೇಲೆ ಅದೇ ಮಾತು. ಅವಳು ಬೆಂಗಳೂರಿಗೆ ಹೋದದ್ದು ಕೆಲಸಕ್ಕಷ್ಟೇ ಅಲ್ಲ ಎಂದು ನನಗೆ ಆಗ ಅರ್ಥವಾಯಿತು.

ಹುಡುಕಬಾರದು ಎಂದು ನಾನು ಹೇಳುತ್ತಿಲ್ಲ. ಆಶಾ ಕಾರ್ಯಕರ್ತೆ ಬಾಣಂತಿಯರ ಮನೆಗೆಲ್ಲ ಹೋಗುವುದರಿಂದ ಒಂದು ಮನೆಗೆ ಹೋದದ್ದು ಎದ್ದು ಕಾಣುವುದಿಲ್ಲ. ಅಂಥ ಹುಡುಕಾಟ ಬೇಕು. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ 2001ರಲ್ಲಿ ಶುರುವಾದ 'ಮದರ್ಸ್ ಟು ಮದರ್ಸ್' ಎಂಬ ಸಂಸ್ಥೆ ಎಚ್‌ಐವಿ ಇರುವ, ಮಗುವನ್ನು ಹೆತ್ತು ಸಾಕಿದ ತಾಯಂದಿರನ್ನೇ ಸಂಬಳ ಕೊಟ್ಟು ನೇಮಿಸಿಕೊಂಡಿತು. ಹೊಸದಾಗಿ ತಿಳಿದುಕೊಂಡ ಬಸುರಿಯ ಪಕ್ಕದಲ್ಲಿ ಕೂರುವುದು ಅವರ ಕೆಲಸ. ನಮ್ಮಲ್ಲಿಯೂ ಸೋಂಕಿರುವವರ ಸಂಘಗಳ ಹೆಣ್ಣುಮಕ್ಕಳು ಇದನ್ನೇ ಮಾಡುತ್ತ ಬಂದಿದ್ದಾರೆ. ಯೋಜನೆಯ ಹಣ ಬಂದಾಗ ಅವರಿಗೆ ಗೌರವಧನ, ಹಣ ನಿಂತಾಗ ಬರೀ ಗೌರವ.

ಸಿರವಾರದವರಿಗೆ ಕಾಲುವೆಯ ತುದಿ ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ತುಂಗಭದ್ರಾ ಎಡದಂಡೆಯ ನೀರು ಅಣೆಕಟ್ಟಿನಿಂದ ಹೊರಡುವಾಗ ತುಂಬಿಕೊಂಡೇ ಹೊರಡುತ್ತದೆ. ಮೇಲಿನವರು ಎಳೆದುಕೊಂಡು, ಒಡೆದುಕೊಂಡು, ಮಾನ್ವಿ ಸಿರವಾರದ ಕೊನೆಯ ಹೊಲಕ್ಕೆ ಬರುವಾಗ ತಳ ಕಾಣುತ್ತದೆ. ಹಾಗೆಂದು ಕೊನೆಯ ಹೊಲದವನನ್ನು ನೀರು ಕಳೆದವನು ಎಂದು ಯಾರೂ ಬೈಯುವುದಿಲ್ಲ. ಹದಿನೆಂಟನೆಯ ತಿಂಗಳಿಗೆ ಬಾರದ ತಾಯಿಯನ್ನು ಮಾತ್ರ ಬೈಯುತ್ತೇವೆ.

ಈ ಕಾರ್ಯಕ್ರಮಕ್ಕೆ ಇನ್ನೊಂದು ದೋಷವಿದೆ. 'ಪ್ರಾರಂಭ'ದಲ್ಲಿ ತಾಯಿ ಹೇಗೆ ಹುಡುಗನ ಕಥೆಯ ಅಂಚಿನಲ್ಲಿದ್ದಾಳೋ, ಇಲ್ಲಿಯೂ ಅವಳಿರುವುದು ಕೂಸಿನ ದೆಸೆಯಿಂದ. ಬಸುರಿನಲ್ಲಿ ಫೋನು ಮಾಡುತ್ತಾರೆ, ಹೆರಿಗೆಗೆ ವಿಚಾರಿಸುತ್ತಾರೆ, ಪರೀಕ್ಷೆಗೆ ನೆನಪು ಮಾಡುತ್ತಾರೆ. ಕೂಸಿನ ಫಲಿತಾಂಶ ಬಂದ ದಿನ ಆ ಕಡತ ಮುಗಿಯುತ್ತದೆ.

ಹೋದ ವರ್ಷ ಭತ್ತದ ನಾಟಿಯ ಕಾಲದಲ್ಲಿ ಅವಳು ನಮ್ಮ ಮನೆಗೆ ಬಂದಿದ್ದಳು. ಕೂಸು ಅಂಗಳದಲ್ಲಿ ಕೋಳಿಯ ಹಿಂದೆ ಓಡುತ್ತಿತ್ತು. ನಡುವಿನ ಒಂದು ಪರೀಕ್ಷೆ ಬೆಂಗಳೂರಿನಲ್ಲಿದ್ದಾಗ ತಪ್ಪಿತ್ತು; ಕೊನೆಯದನ್ನು ಮಾಡಿಸಿದ್ದಳು. ಚಾ ಕುಡಿದು, ಲೋಟ ಕೆಳಗಿಟ್ಟು, ಸೆರಗಿನ ಗಂಟಿನಿಂದ ನಾಲ್ಕು ಮಡಿಕೆಯ ಕಾಗದ ಬಿಚ್ಚಿ ತೋರಿಸಿದಳು.

"ಕೂಸಿಗೆ ಏನೂ ಇಲ್ಲಂತ್ರಿ, ಅಕ್ಕೋರೆ."

ನಾನು ಏನೋ ಹೇಳಹೊರಟೆ. ಅವಳು ಕಾಗದವನ್ನು ಮತ್ತೆ ನಾಲ್ಕು ಮಡಿಕೆ ಮಾಡುತ್ತಿದ್ದಳು.

"ಇನ್ನ ನಾ ಹೋಗಾದು ಬ್ಯಾಡೇನ್ರಿ?"